ಮಣೆಯಾಟಗಳ ರಚನೆ: ಬೇರಿಕೆಯ ಜಗಲಿಯಿಂದ ಮೈಸೂರಿನ ಅರಮನೆವರೆಗೆ

ಮಣೆಯಾಟ ಎಂದರೆ ಹಲಗೆ, ಹಾಸು ಇಲ್ಲವೆ ನೆಲದ ಮೇಲೆ ಮನೆ ಬರೆದು, ಕಾಯಿ ನಡೆಸಿ, ಅಥವಾ ಎಲೆಗಳನ್ನು ಕೈಯಲ್ಲಿ ಹಿಡಿದು ಕೂತು ಆಡುವ ಆಟ. ಪಗಡೆ, ಚೌಕಾಬಾರ, ಅಳಗುಳಿಮಣೆ, ಆಡು-ಹುಲಿ, ಚದುರಂಗ, ಗಂಜೀಫಾ, ಪರಮಪದ ಸೋಪಾನಪಟ ಎಲ್ಲವೂ ಈ ಗುಂಪಿನವು. ಆಡಿದವರ ಸುದ್ದಿ ನಮ್ಮ ಕಾವ್ಯಗಳಲ್ಲಿ ಧಾರಾಳವಾಗಿದೆ. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಭಾನುಮತಿ ಮತ್ತು ಕರ್ಣರ ನೆತ್ತದ ಪ್ರಸಂಗ ಇಂದಿಗೂ ಚರ್ಚೆಯ ವಸ್ತು. ಕುಮಾರವ್ಯಾಸನ ಸಭಾಪರ್ವವಂತೂ ದಾಳ ಉರುಳಿದ ಮೇಲೆಯೇ ಕಾವೇರುತ್ತದೆ. ಆಟ ಕಟ್ಟಿದವರ ಸುದ್ದಿ ಮಾತ್ರ ಎಲ್ಲಿಯೂ ಇಲ್ಲ. ಎಷ್ಟು ಮನೆ, ಎಷ್ಟು ಕಾಯಿ, ಯಾವ ಗರ ಬಿದ್ದರೆ ಇನ್ನೊಂದು ಎಸೆತ ಎಂದು ಮೊದಲು ಯೋಚಿಸಿದವರು ಒಬ್ಬರಿದ್ದಿರಲೇಬೇಕು. ಅವರ ಹೆಸರು ಉಳಿಯಲಿಲ್ಲ. ಕನ್ನಡನಾಡಿನಲ್ಲಿ ಹೆಸರು ಹಿಡಿದು ಹೇಳಬಹುದಾದ ದೊಡ್ಡ ಆಟ ರಚನಕಾರ ಒಬ್ಬರೇ: ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ ಹತ್ತಿರ ಹೋಗುವ ಮುಂಚೆ, ಹೆಸರಿಲ್ಲದವರು ಹೇಗೆ ಕೆಲಸ ಮಾಡಿದರೆಂದು ನೋಡುವುದು ಒಳ್ಳೆಯದು. ಅದಕ್ಕೆ ಗಡಿಯ ಊರುಗಳೇ ಸರಿಯಾದ ಜಾಗ.

ಹುಣಿಸೆಬೀಜದ ಲೆಕ್ಕ

ಬೇರಿಕೆ ಇರುವುದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ, ಹೊಸೂರಿನಿಂದ ಬಾಗಲೂರಿನ ಮೇಲೆ ಹೋಗುವ ದಾರಿಯಲ್ಲಿ, ಕರ್ನಾಟಕದ ಗಡಿಗೆ ಅಂಟಿದಂತೆ. ಈ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಓಡಾಡುತ್ತವೆ. ಆಟಗಳೂ ಹಾಗೆಯೇ. ಕನ್ನಡದವರ ಆಡು-ಹುಲಿ ತೆಲುಗರಿಗೆ ಪುಲಿ-ಮೇಕ, ತಮಿಳರಿಗೆ ಆಡು-ಪುಲಿ ಆಟ. ಕನ್ನಡದ ಚೌಕಾಬಾರಕ್ಕೆ ತೆಲುಗಿನಲ್ಲಿ ಅಷ್ಟಾ-ಚೆಮ್ಮಾ ಎಂಬ ಹೆಸರು. ಎರಡೂ ಹೆಸರುಗಳು ಹೇಳುವುದು ಎರಡು ದೊಡ್ಡ ಗರಗಳನ್ನೇ: ನಮ್ಮವರು ನಾಲ್ಕನ್ನು ಮೊದಲು ಹೇಳಿ ಎಂಟನ್ನು ಆಮೇಲೆ ಹೇಳಿದರು, ತೆಲುಗರು ಎಂಟನ್ನು ಮುಂದೆ ಹಾಕಿ ನಾಲ್ಕನ್ನು ಹಿಂದೆ ಇಟ್ಟರು. (ಹಿಂದಿಯಲ್ಲಿ ಬಾರಾ ಎಂದರೆ ಹನ್ನೆರಡು, ನಮ್ಮ ಆಟದಲ್ಲಿ ಎಂಟು. ಏಕೆಂದು ಹಿರಿಯರನ್ನು ಕೇಳಿದರೆ ‘ಆಟದಲ್ಲಿ ಹಾಗೇ’ ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು.)

ಚೌಕಾಬಾರದ ಮಣೆಗೆ ಐದಕ್ಕೆ ಐದು, ಒಟ್ಟು 25 ಮನೆ. ನಾಲ್ಕು ಬದಿಯ ನಡುವಿನ ಮನೆಗಳಿಗೂ ಮಧ್ಯದ ಮನೆಗೂ ಅಡ್ಡಗೆರೆ ಎಳೆದರೆ ಅವು ಕಟ್ಟೆ. ಅಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8, ಆಮೇಲೆ ನಡುಮನೆ. ಅಲ್ಲಿ ಸೇರಿದ ಕಾಯಿ ‘ಹಣ್ಣಾಯಿತು’. ಎಸೆಯಲು ನಾಲ್ಕು ಕವಡೆ. ಕವಡೆ ಇಲ್ಲದ ಮನೆಯಲ್ಲಿ ಹುಣಿಸೆಬೀಜವನ್ನು ಒಂದು ಬದಿ ಕಲ್ಲಿಗೆ ತೇದು ಬಿಳಿ ಮಾಡಿಕೊಂಡರಾಯಿತು. ಹುಣಿಸೆಮರಕ್ಕೆ ಹೆಸರಾದ ಕೃಷ್ಣಗಿರಿ ಸೀಮೆಯಲ್ಲಿ ಬೀಜಕ್ಕೇನು ಬರ?

ಈ ಆಟವನ್ನು ಹತ್ತಿರದಿಂದ ನೋಡಿದರೆ ರಚನಕಾರನ ಕೈ ಕಾಣುತ್ತದೆ. ಬೀಜ ಎರಡು ಬದಿಗೂ ಸಮನಾಗಿ ಬೀಳುತ್ತದೆ ಎಂದಿಟ್ಟುಕೊಂಡರೆ, ನಾಲ್ಕು ಬೀಜ ಬೀಳುವ ಬಗೆ 16. ಅದರಲ್ಲಿ ಬಿಳಿ ಬದಿ ಒಂದೇ ಮೇಲಾಗಿ ಬೀಳುವುದು 4 ಸಲ, ಎರಡು 6 ಸಲ, ಮೂರು 4 ಸಲ. ನಾಲ್ಕರ ಚೌಕ ಒಂದು ಸಲ, ಎಂಟರ ಬಾರ ಒಂದು ಸಲ. ಸರಾಸರಿ ತೆಗೆದರೆ ಎಸೆತಕ್ಕೆ ಎರಡೂವರೆ ಮನೆ. ಕಾಯಿ ನಡೆಯಬೇಕಾದ ದೂರ 24 ಮನೆ. ಅಂದರೆ ಯಾರೂ ಹೊಡೆಯದೆ ಬಿಟ್ಟರೆ ಒಂದು ಕಾಯಿ ಹಣ್ಣಾಗಲು ಹತ್ತು ಎಸೆತದ ಆಸುಪಾಸು, ನಾಲ್ಕಕ್ಕೆ ನಲವತ್ತು. ಮಧ್ಯಾಹ್ನದ ಊಟ ಮುಗಿದು ದನ ಹೊಡೆದುಕೊಂಡು ಬರುವ ಹೊತ್ತಿನೊಳಗೆ ಒಂದು ಆಟ ಮುಗಿಯುವುದು ಈ ಲೆಕ್ಕದಿಂದ. ಮನೆ 25ರ ಬದಲು 49 ಆಗಿದ್ದರೆ ಆಟ ಎಳೆಯುತ್ತದೆ. ದೊಡ್ಡ ಮಣೆಗೆ ಹೆಚ್ಚು ಕವಡೆ ಹಿಡಿಯುವುದು ಅದಕ್ಕೇ.

ಬೀಜ ಸಮನಾಗಿ ಬೀಳುವುದಿಲ್ಲ ಎಂಬುದು ಆಡಿದವರಿಗೆಲ್ಲ ಗೊತ್ತು. ತೇದ ಬದಿ ಚಪ್ಪಟೆ, ಇನ್ನೊಂದು ಉಬ್ಬು. ನೂರಕ್ಕೆ 60 ಸಲ ಬಿಳಿ ಮೇಲಾಗುವ ಬೀಜವನ್ನು ತೆಗೆದುಕೊಳ್ಳಿ: ನಾಲ್ಕೂ ಬಿಳಿ ಬೀಳುವ ಚೌಕ ನೂರಕ್ಕೆ ಹದಿಮೂರು ಸಲ ಬರುತ್ತದೆ, ನಾಲ್ಕೂ ಕಪ್ಪು ಬೀಳುವ ಬಾರ ಎರಡೂವರೆ ಸಲ ಮಾತ್ರ. ಒಂದು ಇನ್ನೊಂದರ ಐದು ಪಟ್ಟು. ಇಬ್ಬರು ಅಜ್ಜಿಯರು ಬೀಜದ ವಿಷಯಕ್ಕೆ ಜಗಳವಾಡುವುದು ವೃಥಾ ಜಗಳವಲ್ಲ. ಇಂದಿನ ಆಟ ತಯಾರಕರು ‘ಸಮತೋಲನ’ ಎಂದು ದೊಡ್ಡ ಮಾತಿನಲ್ಲಿ ಹೇಳುವುದು ಇದನ್ನೇ. ಇನ್ನೊಂದು ಕಟ್ಟಳೆ ನೋಡಿ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಕೂಡದು ಎನ್ನುವುದು ಎಷ್ಟೋ ಮನೆಗಳ ನಿಯಮ. ಇದಿಲ್ಲದಿದ್ದರೆ ಎಲ್ಲರೂ ಕಟ್ಟೆಯಿಂದ ಕಟ್ಟೆಗೆ ಮೆಲ್ಲಗೆ ಜಾರಿಕೊಂಡು ಹೋಗುತ್ತಾರೆ, ಆಟ ಸಪ್ಪೆ. ಇದನ್ನು ಸೇರಿಸಿದವರು ಯಾರೋ, ಆ ಸಪ್ಪೆತನವನ್ನು ಕಣ್ಣಾರೆ ಕಂಡು ಸೇರಿಸಿದ್ದಾರೆ.

ಆಡು-ಹುಲಿಯಲ್ಲಿ 23 ಬಿಂದು, 3 ಹುಲಿ, 15 ಆಡು. ಹುಲಿ ಜಿಗಿದು ತಿನ್ನುತ್ತದೆ, ಆಡುಗಳು ಸುತ್ತುಗಟ್ಟಿ ಹುಲಿಯನ್ನು ಅಲುಗಾಡದಂತೆ ಮಾಡುತ್ತವೆ. ಎರಡು ಕಡೆಯವರಿಗೂ ಬೇರೆ ಬೇರೆ ಬಲ, ಬೇರೆ ಬೇರೆ ಗುರಿ. ಇಂಥ ಆಟಕ್ಕೆ ಅಂಕಿ ಸರಿಹೊಂದಿಸುವುದು ಚದುರಂಗಕ್ಕಿಂತ ಕಷ್ಟ. ನೇಪಾಳದ ಬಾಘ್‌ಚಾಲ್ ಇದೇ ತೊಡಕನ್ನು 25 ಬಿಂದು, 4 ಹುಲಿ, 20 ಆಡುಗಳಿಂದ ಬಿಡಿಸಿಕೊಂಡಿದೆ. ಇದ್ದಿಲಿನಲ್ಲಿ ಜಗಲಿಯ ಮೇಲೆ ಬರೆದ ಗೆರೆಯಷ್ಟೇ ಬಂಡವಾಳ. ಹಂಪಿಯ ಹಾಸುಗಲ್ಲುಗಳ ಮೇಲೆ ಕೊರೆದ ಮಣೆಗಳೂ ಇದೇ ಕುಲದವು. ಸೋತವರು ನಿಯಮ ತಿದ್ದಿದರು, ಗೆದ್ದವರು ಒಪ್ಪಲಿಲ್ಲ, ಮೂರನೆಯವರು ರಾಜಿ ಮಾಡಿದರು. ಜನಪದದ ಕಾರ್ಯವಿಧಾನ ಇಷ್ಟೇ, ಆದರೆ ಅದು ನಡೆದದ್ದು ನೂರಾರು ವರ್ಷ.

ಮುಮ್ಮಡಿಯವರ ಕೌತುಕ

1799ರ ಜೂನ್ 30ರಂದು, ಐದು ತುಂಬಲು ಇನ್ನೂ ಎರಡು ವಾರವಿದ್ದ ಕೃಷ್ಣರಾಜರನ್ನು ಇಂಗ್ಲಿಷರು ಮೈಸೂರಿನ ಗದ್ದುಗೆಯ ಮೇಲೆ ಕೂರಿಸಿದರು. ಹೊಸೂರು ಸೀಮೆ ಮೈಸೂರಿನಿಂದ ಕಳಚಿ ಈಸ್ಟ್ ಇಂಡಿಯಾ ಕಂಪನಿಯ ಸೇಲಂ ಜಿಲ್ಲೆಗೆ ಹೋದದ್ದೂ ಅದೇ ವರ್ಷ. ಬೇರಿಕೆಯ ಕಡೆಯವರಿಗೆ ಅವರು ಹೀಗೆ ಕೈತಪ್ಪಿಹೋದ ರಾಜರು. 1811ರವರೆಗೆ ದಿವಾನ್ ಪೂರ್ಣಯ್ಯನವರ ಆಡಳಿತ. ಆಮೇಲೆ ರಾಜರೇ ಆಳಿದರು. ನಗರ ಸೀಮೆಯ ದಂಗೆಯ ಬೆನ್ನಿಗೆ 1831ರಲ್ಲಿ ಆಡಳಿತವನ್ನು ಕಂಪನಿ ಕಿತ್ತುಕೊಂಡಿತು. ಅಲ್ಲಿಂದ 1868ರ ಮಾರ್ಚ್ 27ರಂದು ತೀರಿಕೊಳ್ಳುವ ತನಕ, 37 ವರ್ಷ, ಅವರು ಅಧಿಕಾರವಿಲ್ಲದ ಅರಸರು.

ಈ ಬಿಡುವೇ ಅವರನ್ನು ಆಟಗಳತ್ತ ತಳ್ಳಿತು ಎಂದು ಹೇಳುವುದು ವಾಡಿಕೆ. ಅದು ಅರ್ಧ ಸತ್ಯ. ಬಿಡುವು ಸಿಕ್ಕ ಅರಸರು ಎಷ್ಟೋ ಮಂದಿ ಇದ್ದರು. ಅವರೆಲ್ಲ ಆಟ ಆಡಿದರು, ಕಟ್ಟಲಿಲ್ಲ. ಮುಮ್ಮಡಿಯವರ ಮನಸ್ಸು ಎಲ್ಲವನ್ನೂ ಎಣಿಸಿ, ವರ್ಗಮಾಡಿ, ಚಿತ್ರ ಬರೆಸಿ ಜೋಡಿಸುವ ಜಾತಿಯದು. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿ ಇದಕ್ಕೆ ಸಾಕ್ಷಿ. ಒಂಬತ್ತು ನಿಧಿಗಳ ಈ ಸಚಿತ್ರ ಸಂಗ್ರಹ ಶಕ್ತಿ, ವಿಷ್ಣು, ಶಿವ ಎಂದು ದೇವತೆಗಳ ರೂಪಗಳಿಂದ ಶುರುವಾಗಿ ಕೌತುಕನಿಧಿಯಲ್ಲಿ ಮುಗಿಯುತ್ತದೆ. ಆಟಗಳಿರುವುದು ಆ ಕೊನೆಯ ಭಾಗದಲ್ಲಿ. ಅದರಲ್ಲೇ ಇರುವ 122 ಯೋಗಾಸನಗಳ ಚಿತ್ರಗಳನ್ನು ನಾರ್ಮನ್ ಸ್ಜೋಮನ್ 1996ರಲ್ಲಿ ಪ್ರಕಟಿಸಿದ ಮೇಲೆ ಅವಕ್ಕೆ ಜಗತ್ತಿನ ಗಮನ ದಕ್ಕಿತು. ಪಕ್ಕದ ಪುಟಗಳ ಆಟಗಳಿಗೆ ಆ ಭಾಗ್ಯ ಅಷ್ಟಾಗಿ ಬರಲಿಲ್ಲ. ರಾಜರು ಆಟಗಳನ್ನು ಗ್ರಂಥದಲ್ಲಿ ಸೇರಿಸಿದ್ದು ಹೊಸ ಸಂಪ್ರದಾಯವೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲೇ ಮಾನಸೋಲ್ಲಾಸದ ಐದು ವಿಂಶತಿಗಳಲ್ಲಿ ಒಂದನ್ನು ಕ್ರೀಡೆಗೆ ಮೀಸಲಿಟ್ಟಿದ್ದ. ಸೋಮೇಶ್ವರ ಇದ್ದ ಆಟಗಳನ್ನು ಬಣ್ಣಿಸಿದ. ಮುಮ್ಮಡಿಯವರು ಇಲ್ಲದವನ್ನು ಹುಟ್ಟಿಸಿದರು.

ಅವರು ಒಬ್ಬರೇ ಕೂತು ಮಾಡಿದರೆಂದು ಭಾವಿಸಬೇಕಾಗಿಲ್ಲ. ಆಸ್ಥಾನದಲ್ಲಿ ಪಂಡಿತರಿದ್ದರು, ಚಿತ್ರಗಾರರಿದ್ದರು, ದಂತದ ಕೆಲಸದವರಿದ್ದರು. ಮುದ್ರಾಮಂಜೂಷದ ಕೆಂಪುನಾರಾಯಣ, ಅಳಿಯ ಲಿಂಗರಾಜ, ಬಸವಪ್ಪ ಶಾಸ್ತ್ರಿ ಇವರೆಲ್ಲ ಅವರ ಆಶ್ರಯದಲ್ಲಿ ಬರೆದವರು. ರಾಜರ ಹೆಸರಿನ ಕೃತಿಗಳಲ್ಲಿ ಎಷ್ಟು ಪಾಲು ಯಾರದು ಎಂಬ ವಾದ ವಿದ್ವಾಂಸರಲ್ಲಿ ಇದ್ದೇ ಇದೆ. ಆಟದ ಮಟ್ಟಿಗೆ ಇದು ದೊಡ್ಡ ತಕರಾರಲ್ಲ. ಯಾವ ಕಾಲದಲ್ಲೂ ಆಟ ಹತ್ತಾರು ಕೈ ಸೇರಿಯೇ ಹದಕ್ಕೆ ಬರುವುದು. ಒಂದೇ ವಸ್ತು ಎಲ್ಲೆಡೆ ಮರಳಿ ಬರುವುದರಿಂದ ಹಿಂದಿನ ಮನಸ್ಸು ಒಂದೇ ಎಂದು ತಿಳಿಯುತ್ತದೆ. ಆ ವಸ್ತು ಚಾಮುಂಡೇಶ್ವರಿ. ಕೀರ್ತನೆಗಳಿಗೆ ಅವರ ಅಂಕಿತ ‘ಚಾಮುಂಡಿ’. ಅವರು ಕಟ್ಟಿದ ಒಂದು ಮಣೆಯಾಟದ ಹೆಸರು ದೇವೀಸಾಯುಜ್ಯ: ಕಾಯಿ ಹಣ್ಣಾಗುವುದೆಂದರೆ ದೇವಿಯಲ್ಲಿ ಐಕ್ಯವಾಗುವುದು. ವೈಕುಂಠ ಏಕಾದಶಿಯ ರಾತ್ರಿ ಜಾಗರಣೆಗೆ ಆಡುವ ಪರಮಪದಪಟದಲ್ಲಿ ಏಣಿ ಹತ್ತಿ ವೈಕುಂಠ ಸೇರುವುದಿದೆಯಲ್ಲ, ಅದೇ ಕಲ್ಪನೆಯ ಶಾಕ್ತ ರೂಪ ಇದು.

ಅವರ ಕೈ ಹೆಚ್ಚು ಓಡಿದ್ದು ಗಂಜೀಫಾದಲ್ಲಿ. ಮೊಗಲರ ಕಡೆಯ ಗಂಜೀಫಾಕ್ಕೆ 8 ಬಣ್ಣ, ಬಣ್ಣಕ್ಕೆ 12 ಎಲೆ, ಒಟ್ಟು 96. ದಶಾವತಾರ ಗಂಜೀಫಾಕ್ಕೆ 10 ಬಣ್ಣ, 120 ಎಲೆ. ದುಂಡನೆಯ ಎಲೆಗಳು, ಪ್ರತಿ ಬಣ್ಣದಲ್ಲೂ ರಾಜ, ಮಂತ್ರಿ, ಒಂದರಿಂದ ಹತ್ತು. ಕೌತುಕನಿಧಿಯಲ್ಲಿ ಹೊಸ ಗಂಜೀಫಾ ಆಟಗಳು 13 ಇವೆ. ಇವಕ್ಕೆ ಅವರು ಕೊಟ್ಟ ಹೆಸರು ‘ಛದ’. ಸಂಸ್ಕೃತದಲ್ಲಿ ಛದ ಎಂದರೆ ಎಲೆ. ಇಸ್ಪೀಟಿಗೂ ನಾವು ಎಲೆ ಎಂದೇ ಹೇಳುವುದನ್ನು ನೆನೆದರೆ ಈ ಹೆಸರಿನ ಸೊಗಸು ತಿಳಿಯುತ್ತದೆ. ಚಾಮುಂಡೇಶ್ವರಿ ಛದಕ್ಕೆ 320 ಎಲೆ. ಜಗನ್ಮೋಹನ ಛದಕ್ಕೆ 360. ನವಗ್ರಹ, ಪಂಚಪಾಂಡವ, ದಿಕ್ಪಾಲ, ನವರತ್ನ ಎಂದು ಪಟ್ಟಿ ಹೀಗೆ ಸಾಗುತ್ತದೆ.

360 ಎಲೆಗಳನ್ನು ಕಲಸಿ ಹಂಚುವ ದೃಶ್ಯವನ್ನು ಒಮ್ಮೆ ಊಹಿಸಿಕೊಳ್ಳಿ. ಯಾವ ಬಣ್ಣ ಯಾವುದಕ್ಕಿಂತ ಮೇಲು, ಯಾವ ಎಲೆ ಇಳಿದುಹೋಯಿತು ಎಂದು ನೆನಪಿಡುವುದೇ ಗಂಜೀಫಾದ ಜೀವ. 96 ಎಲೆಯಲ್ಲಿ ಅದು ಚುರುಕುಬುದ್ಧಿಯ ಪರೀಕ್ಷೆ. 360ರಲ್ಲಿ ಅದು ಶಿಕ್ಷೆ. ಒಂದು ಜೊತೆ ಎಲೆ ಬರೆಯಲು ಚಿತ್ರಗಾರನಿಗೆ ತಿಂಗಳುಗಟ್ಟಲೆ ಕೆಲಸ. ಅರಮನೆಯ ಹೊರಗೆ ಈ ಆಟಗಳು ಕಾಲಿಡದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಮುಮ್ಮಡಿಯವರು ಸೇರಿಸುವುದರಲ್ಲಿ ಗಟ್ಟಿಗರು, ಕಳೆಯುವುದರಲ್ಲಿ ಅಲ್ಲ ಎಂದು ಈ ಲೇಖಕನ ಅನಿಸಿಕೆ. ಮೈಸೂರು ಶೈಲಿಯ ಗಂಜೀಫಾ ಇಂದು ಉಳಿದಿರುವುದು ಚಿತ್ರಕಲೆಯಾಗಿ. ಅದನ್ನು ಮತ್ತೆ ಎತ್ತಿ ನಿಲ್ಲಿಸಿದವರಲ್ಲಿ ಕಲಾವಿದ ರಘುಪತಿ ಭಟ್ಟರ ಹೆಸರು ಮುಖ್ಯ. ಕೊಂಡವರು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಆಡುವವರಿಲ್ಲ.

ಕುದುರೆಯ ನಡೆಯಲ್ಲಿ ಮಾತ್ರ ಅವರು ನಿಜಕ್ಕೂ ಗೆದ್ದರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಈ ಸಮಸ್ಯೆ ನಮ್ಮಲ್ಲಿ ಬಹಳ ಹಳೆಯದು. ಒಂಬತ್ತನೆಯ ಶತಮಾನದ ರುದ್ರಟ ತನ್ನ ಕಾವ್ಯಾಲಂಕಾರದಲ್ಲಿ ತುರಗಪದ ಬಂಧ ರಚಿಸಿದ್ದಾನೆ. ಮೂಲೆಯ ಮನೆಗೆ ಹೋಗಿಬರಲು ಎರಡೇ ದಾರಿ, ನಡುವಿನ ಮನೆಗೆ ಎಂಟು. ಬಲ್ಲವರು ದಾರಿ ಕಡಿಮೆ ಇರುವ ಮನೆಗಳನ್ನು ಮೊದಲು ಮುಗಿಸುತ್ತಾರೆ. ನಡುಮನೆಯ ಆಸೆಗೆ ಬಿದ್ದವರು ಕೊನೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಇಷ್ಟು ಸಾಲದೆಂದು ಇನ್ನೊಂದು ಬಿಗಿ: ಕುದುರೆ ಮೆಟ್ಟಿದ ಕ್ರಮದಲ್ಲಿ 1ರಿಂದ 64ರವರೆಗೆ ಅಂಕಿ ಬರೆದರೆ, ಅಡ್ಡಸಾಲು ಕೂಡಿದರೂ ಕಂಬಸಾಲು ಕೂಡಿದರೂ 260 ಬರಬೇಕು. ಇಂಥ ನಡೆಯೊಂದನ್ನು ಇಂಗ್ಲೆಂಡಿನ ವಿಲಿಯಂ ಬೆವರ್ಲಿ 1848ರಲ್ಲಿ ಪ್ರಕಟಿಸಿದ. ಅದೇ ಕಾಲಘಟ್ಟದಲ್ಲಿ ಮೈಸೂರಿನಲ್ಲಿ ಕೂತು ಮುಮ್ಮಡಿಯವರು ಇಂಥವನ್ನೇ ಕಟ್ಟುತ್ತಿದ್ದರು. 12ಕ್ಕೆ 12 ಮನೆಗಳ ಮಣೆಯಲ್ಲೂ ಕಟ್ಟಿದರು. ಅಲ್ಲಿ ಪ್ರತಿ ಸಾಲಿನ ಮೊತ್ತ 870. ಚದುರಂಗದ ಚರಿತ್ರಕಾರ ಎಚ್. ಜೆ. ಆರ್. ಮರ್ರಿ ಮೈಸೂರು ರಾಜರ ಈ ನಡೆಗಳನ್ನು ಗಮನಿಸಿ ಬರೆದಿದ್ದಾನೆ. ಸಾಲುಗಳ ಜೊತೆಗೆ ಎರಡೂ ಕರ್ಣಗಳು 260 ಕೂಡುವ ನಡೆ 8ಕ್ಕೆ 8ರ ಮಣೆಯಲ್ಲಿ ಸಾಧ್ಯವೇ ಇಲ್ಲವೆಂದು ಖಚಿತವಾದದ್ದು 2003ರಲ್ಲಿ, ಅದೂ ಕಂಪ್ಯೂಟರು ಎರಡು ತಿಂಗಳ ಕಾಲ ಎಲ್ಲ ಬಗೆಗಳನ್ನೂ ಹುಡುಕಿದ ಮೇಲೆ. ಯಂತ್ರವಿಲ್ಲದ ಕಾಲದಲ್ಲಿ ಕೈಬರಹದಲ್ಲಿ 870 ಕೂಡಿಸಿದ ತಾಳ್ಮೆಯನ್ನು ‘ಕಾಲಹರಣ’ ಎನ್ನುವವರು ಒಂದು ಸಂಜೆ ಕಾಗದ, ಪೆನ್ಸಿಲು ಹಿಡಿದು ಕೂತು ನೋಡಬೇಕು.

ಹೊರನಾಡಿನ ಮಾದರಿ, ಇಂದಿನ ಕಸುಬು

ಆಟ ಕಟ್ಟುವುದು ಜೀವನೋಪಾಯವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಆಲ್ಫ್ರೆಡ್ ಬಟ್ಸ್ ಕೆಲಸ ಕಳೆದುಕೊಂಡ ವಾಸ್ತುಶಿಲ್ಪಿ. 1930ರ ದಶಕದಲ್ಲಿ ಪದ ಕಟ್ಟುವ ಆಟವೊಂದನ್ನು ಮಾಡುವಾಗ ಯಾವ ಅಕ್ಷರ ಎಷ್ಟಿರಬೇಕೆಂದು ತಿಳಿಯಲು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮುಖಪುಟದ ಅಕ್ಷರಗಳನ್ನು ಕೂತು ಎಣಿಸಿದ. ಅದೇ ಮುಂದೆ ಸ್ಕ್ರ್ಯಾಬಲ್ ಆಯಿತು. ಕನ್ನಡದಲ್ಲಿ ಅಂಥ ಆಟ ಮಾಡಹೊರಟವರಿಗೆ ಮೊದಲು ಎದುರಾಗುವುದೂ ಇದೇ ಎಣಿಕೆ. ಒತ್ತಕ್ಷರ, ಗುಣಿತಾಕ್ಷರಗಳಿಂದ ಅದು ಹತ್ತು ಪಟ್ಟು ಗೋಜಲು. ಜರ್ಮನಿಯ ಕ್ಲೌಸ್ ಟಾಯ್ಬರ್ ಹಲ್ಲಿನ ಸೆಟ್ಟು ತಯಾರಿಸುತ್ತಿದ್ದವರು. ಸಂಜೆ ನೆಲಮಾಳಿಗೆಯಲ್ಲಿ ಕೂತು ಆಟ ಮಾಡಿ, ಮೇಲೆ ತಂದು ಹೆಂಡತಿ ಮಕ್ಕಳಿಗೆ ಆಡಲು ಕೊಡುತ್ತಿದ್ದರು. 1995ರ ಕಟಾನ್ ಹಾಗೆ ಹುಟ್ಟಿದ್ದು. ಅದೇ ದೇಶದ ರೈನರ್ ಕ್ನಿಜಿಯ ಗಣಿತದಲ್ಲಿ ಡಾಕ್ಟರೇಟ್ ಪಡೆದು, ಬ್ಯಾಂಕಿನ ಕೆಲಸ ಬಿಟ್ಟು ಪೂರ್ಣಕಾಲ ಇದಕ್ಕೇ ನಿಂತವರು. ಪ್ರಕಟವಾದ ಅವರ ಆಟಗಳು ಏಳು ನೂರನ್ನು ದಾಟಿವೆ.

ಇವರ ದಿನಚರಿಯಲ್ಲಿ ಹೊಳಹಿನ ಪಾಲು ಸ್ವಲ್ಪ, ತಿದ್ದುಪಡಿಯ ಪಾಲು ಜಾಸ್ತಿ. ರಟ್ಟು ಕತ್ತರಿಸಿ ಕಚ್ಚಾ ಮಾದರಿ ಮಾಡುವುದು, ಮೊದಲು ಒಬ್ಬರೇ ಎರಡೂ ಕಡೆ ಆಡುವುದು, ಆಮೇಲೆ ಮನೆಯವರು, ಆಮೇಲೆ ಗೆಳೆಯರು. ಕೊನೆಯ ಹಂತ ಎಲ್ಲಕ್ಕಿಂತ ಕಠಿಣ: ಗುರುತಿಲ್ಲದವರ ಮುಂದೆ ಆಟವನ್ನೂ ಬರೆದ ನಿಯಮವನ್ನೂ ಇಟ್ಟು, ತುಟಿ ಬಿಚ್ಚದೆ ದೂರ ಕೂರುವುದು. ಅವರು ತಪ್ಪಾಗಿ ಓದಿದರೆ ತಪ್ಪು ಬರೆದವನದು. ಯಾರಾದರೂ ಗಡಿಯಾರ ನೋಡಿದರೆ ಆ ಸುತ್ತನ್ನು ಕತ್ತರಿಸಬೇಕು. ಚೌಕಾಬಾರ ಈ ಪರೀಕ್ಷೆಯನ್ನು ಜಗಲಿಗಳ ಮೇಲೆ ಸಾವಿರ ಸಲ ದಾಟಿ ಬಂದಿತು. ಜಗನ್ಮೋಹನ ಛದದಲ್ಲಿ ರಾಜರೆದುರು ಕೂತು ‘ಬೇಸರವಾಯಿತು, ಬುದ್ಧಿ’ ಎನ್ನುವ ಧೈರ್ಯ ಯಾರಿಗಿತ್ತು?

ಹೆಸರಿನ ಪ್ರಶ್ನೆ ಇಲ್ಲಿಯೂ ಕಾಡಿದೆ. ಎಲಿಜಬೆತ್ ಮ್ಯಾಗಿ 1904ರಲ್ಲಿ ಪೇಟೆಂಟ್ ಪಡೆದ ಜಮೀನುದಾರರ ಆಟವೇ ಮೊನೊಪಲಿಯ ಮೂಲ. ಮೊನೊಪಲಿ ಮಾರಿದ ಕಂಪನಿ ಆಕೆಗೆ ಕೊಟ್ಟದ್ದು 500 ಡಾಲರು, ಹೆಸರು ಹೋದದ್ದು ಚಾರ್ಲ್ಸ್ ಡಾರೋಗೆ. 1988ರಲ್ಲಿ ನ್ಯೂರೆಂಬರ್ಗ್ ಆಟಿಕೆ ಮೇಳಕ್ಕೆ ಬಂದ ಕೆಲವು ರಚನಕಾರರು ಬಿಯರ್ ಲೋಟದ ಕೆಳಗಿಡುವ ರಟ್ಟಿನ ಬಿಲ್ಲೆಯ ಮೇಲೆ, ಪೆಟ್ಟಿಗೆಯ ಮೇಲೆ ಹೆಸರು ಹಾಕದ ಪ್ರಕಾಶಕರಿಗೆ ಆಟ ಕೊಡುವುದಿಲ್ಲವೆಂದು ಬರೆದು ಸಹಿ ಹಾಕಿದರು. ಪುಸ್ತಕಕ್ಕೆ ಲೇಖಕನ ಹೆಸರಿರುವಂತೆ ಆಟಕ್ಕೂ ಇರುವುದು ಆಮೇಲೆ ರೂಢಿಯಾಯಿತು. ಭಾರತದ ಕಾನೂನು ಈ ವಿಷಯದಲ್ಲಿ ಬಿಗಿ. 1970ರ ಪೇಟೆಂಟ್ ಕಾಯ್ದೆಯ 3(ಎಂ) ಕಲಮಿನ ಪ್ರಕಾರ ಆಟ ಆಡುವ ವಿಧಾನ ಆವಿಷ್ಕಾರವೇ ಅಲ್ಲ. ಬರೆದ ನಿಯಮದ ಮಾತಿಗೆ, ಚಿತ್ರಕ್ಕೆ ಕೃತಿಸ್ವಾಮ್ಯ ಸಿಕ್ಕೀತು. ಆಟದ ಒಳಗಿನ ಯುಕ್ತಿ ಎಲ್ಲರ ಸೊತ್ತು.

ಹಳೆಯ ಆಟಗಳಿಗೆ ಮತ್ತೆ ಗಿರಾಕಿ ಹುಟ್ಟಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಕ್ರೀಡಾಕೌಶಲ್ಯ ಎಂಬ ಹೆಸರಿನ ಪ್ರದರ್ಶನಗಳಲ್ಲಿ ಮುಮ್ಮಡಿಯವರ ಆಟಗಳನ್ನೂ ಜನಪದ ಮಣೆಗಳನ್ನೂ ಒಟ್ಟಿಗೆ ಇಟ್ಟು ತೋರಿಸುತ್ತ ಬಂದಿದೆ. ಬೆಂಗಳೂರಿನ ಕವಡೆ, ಚೆನ್ನೈನ ಕ್ರೀಡಾ ಸಂಸ್ಥೆಗಳು ಹಾಸು, ಕಾಯಿ, ನಿಯಮದ ಚೀಟಿಯೊಂದಿಗೆ ಮಾರುತ್ತವೆ. ಚನ್ನಪಟ್ಟಣದ ಅರಗಿನ ಬಣ್ಣದ ಕಾಯಿಗಳಿಗೂ ಇದರಿಂದ ಕೆಲಸ ಸಿಕ್ಕಿದೆ. ಮುಂಬೈಯಲ್ಲಿ ಹುಟ್ಟಿದ ಚುನಾವಣೆಯ ಆಟ ಶಾಸನ್‌ನಂಥವು ಹೊಸ ಪೀಳಿಗೆಯವು. ಮೈಸೂರಿನ ಜಗನ್ಮೋಹನ ಅರಮನೆಯ ಮೇಲಂತಸ್ತಿನ ಗೋಡೆಗಳ ಮೇಲೆ ಮುಮ್ಮಡಿಯವರ ಆಟದ ಮಣೆಗಳ ಚಿತ್ರಗಳಿವೆ. ಹೋದವರು ರಾಜರ ಭಾವಚಿತ್ರಗಳಿಗೆ ಕೊಡುವ ಹೊತ್ತಿನಲ್ಲಿ ಅರ್ಧವನ್ನು ಅವಕ್ಕೂ ಕೊಡಬೇಕು.

ಅಚ್ಚಾದ ನಿಯಮದ ಚೀಟಿಯಿಂದ ಒಂದು ನಷ್ಟವೂ ಇದೆ. ಚೀಟಿಯಲ್ಲಿ ಇರುವುದು ಒಂದೇ ಪಾಠ. ಊರೂರಿನ ಪಾಠಾಂತರ ಅದರಲ್ಲಿ ಬರುವುದಿಲ್ಲ. ತಮಿಳಿನ ತಾಯಂ ಆಟದಲ್ಲಿ ಒಂದು ಬಿದ್ದ ಹೊರತು ಕಾಯಿ ಹೊರಡದು. ಗಡಿಯ ಕನ್ನಡದ ಮನೆಗಳಲ್ಲಿ ಆ ಕಟ್ಟಳೆ ಎಲ್ಲೆಲ್ಲಿ ಸೇರಿಕೊಂಡಿದೆ, ಎಲ್ಲಿ ಇಲ್ಲ ಎಂಬ ಪಟ್ಟಿ ಯಾವ ಪೆಟ್ಟಿಗೆಯಲ್ಲೂ ಸಿಗದು. ಬೇರಿಕೆ, ಬಾಗಲೂರು, ಮಾಸ್ತಿ, ಮಾಲೂರಿನ ಕಡೆಯ ಓದುಗರು ಮನೆಯ ಹಿರಿಯರನ್ನು ಮೂರು ಪ್ರಶ್ನೆ ಕೇಳಿ ಬರೆದಿಡಲಿ: ಕಾಯಿ ಹೊರಡಲು ಯಾವ ಗರ ಬೇಕು? ಹೊಡೆಯದೆ ಒಳಗೆ ಹೋಗಬಹುದೇ? ಒಂದೇ ಮನೆಯಲ್ಲಿ ಕೂತ ಜೋಡಿ ಕಾಯಿಯನ್ನು ಒಂಟಿ ಕಾಯಿ ಹೊಡೆಯಬಹುದೇ? ಉತ್ತರದ ಕೆಳಗೆ ಊರಿನ ಹೆಸರನ್ನೂ, ಹೇಳಿದವರ ಹೆಸರನ್ನೂ ಬರೆಯುವುದು ಮರೆಯಬಾರದು.